ಕೆಂಪು ನೂಲಿನ ಹಿಡಿ

ಬಾಗಿಲ ಹಿಂದಿನ ಎರಡು ಮೊಳೆಗಳಲ್ಲಿ ಒಂದರ ಮೇಲೆ ಹಿಮಗೊಡಲಿ ಇನ್ನೂ ತೂಗುತ್ತಿತ್ತು. ನಾನು ಬಾಗಿಲು ಮುಚ್ಚಿದಾಗ ಅದರ ಹಿಡಿ ಗೋಡೆಗೆ ಒಮ್ಮೆ ಬಡಿದು, ಇನ್ನೊಮ್ಮೆ ಮೆಲ್ಲಗೆ ಬಡಿದು, ಸುಮ್ಮನಾಯಿತು. ಆ ಸದ್ದು ಎಷ್ಟು ಪರಿಚಿತವಾಗಿತ್ತೆಂದರೆ, ಅದು ಕೇಳಿಸಬಾರದ ಸದ್ದು ಎಂದು ನನಗೆ ಹೊಳೆದದ್ದು ಒಲೆಯ ಮುಂದೆ ಕೂತು ಹಾಲು ಕಾಯಲು ಇಟ್ಟ ಮೇಲೆಯೇ.

ಅದು ನನ್ನ ಗಂಡ ಕೇದಾರನ ಅಂತ್ಯಕ್ರಿಯೆಯ ನಂತರದ ಮೊದಲ ಸಾಮಾನ್ಯ ಬೆಳಿಗ್ಗೆ. ಬಸ್ಸಿನ ದಾರಿ ಹಿಮದಿಂದ ಮುಚ್ಚಿದ್ದರಿಂದ ನಡೆದೇ ಬಂದಿದ್ದ ನೆಂಟರು ಹಿಂದಿನ ದಿನವೇ ಹೊರಟುಹೋಗಿದ್ದರು. ನನ್ನ ಅಕ್ಕ ಜೊತೆಗಿರುತ್ತೇನೆ ಎಂದಳು, ನಾನು ಬೇಡವೆಂದೆ. ಹಾಲಿನವಳು ಎಂದಿನಂತೆ ಬಂದು, ಎಂದಿನಷ್ಟೇ ಹಾಲು ಅಳೆದು, ಅಳೆದ ಮೇಲೆ ಏನೋ ನೆನಪಾಗಿ ಪಾತ್ರೆಯನ್ನೇ ನೋಡುತ್ತಾ ನಿಂತಳು. "ಇರಲಿ," ಎಂದೆ. ಅವಳು ಓಡುವವಳಂತೆ ಮೆಟ್ಟಿಲಿಳಿದು ಹೋದಳು.

ನಾನು ಬಯಲುಸೀಮೆಯವಳು. ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಓದಿ, ಈ ಬೆಟ್ಟದ ಊರಿನ ಶಾಲೆಗೆ ಪಾಠ ಹೇಳಲು ಬಂದು, ಇಲ್ಲಿಯ ಗೈಡ್ ಒಬ್ಬನನ್ನು ಮದುವೆಯಾದವಳು. ಸಾವಿನ ಬಗ್ಗೆ ಒಮ್ಮೆ ಪರೀಕ್ಷೆಯಲ್ಲಿ ದೀರ್ಘ ಉತ್ತರ ಬರೆದಿದ್ದೆ. ಒಳ್ಳೆಯ ಅಂಕಗಳೇ ಬಂದಿದ್ದವು. ಈಗ ಹಾಲು ಉಕ್ಕಿ ಒಲೆಗೆ ಚೆಲ್ಲುತ್ತಿದ್ದರೂ ಕೈ ಎತ್ತಬೇಕೆಂದು ಅನ್ನಿಸುತ್ತಿರಲಿಲ್ಲ.

ಚಳಿಗಾಲ ಬಂತೆಂದರೆ ನಮ್ಮ ಬೆಟ್ಟದ ಅಬ್ಬಿಗಳೆಲ್ಲ ಧುಮುಕುತ್ತಿದ್ದಲ್ಲೇ ಹೆಪ್ಪುಗಟ್ಟಿ ನಿಲ್ಲುತ್ತವೆ. ಅವನ್ನು ಹತ್ತಲೆಂದು ದೂರದೂರದಿಂದ ಜನ ಬರುತ್ತಾರೆ. ಹತ್ತಿಸುವವರು ಊರಿನ ಗೈಡ್‌ಗಳು. ಪ್ರತಿಯೊಬ್ಬರಿಗೂ ಎರಡು ಹಿಮಗೊಡಲಿಗಳು, ಎಡಗೈಗೊಂದು, ಬಲಗೈಗೊಂದು. ಮಂಜುಗಡ್ಡೆಗೆ ಕಚ್ಚುವ ಅದರ ಬಾಗಿದ ಮೊನೆಯನ್ನು ಇಲ್ಲಿ ಕೊಕ್ಕು ಎನ್ನುತ್ತಾರೆ. ಹಿಡಿಯ ಬುಡದಲ್ಲಿಯೂ ಒಂದು ಸಣ್ಣ ಮೊನೆಯಿರುತ್ತದೆ. ಗೈಡ್ ಇರುವ ಪ್ರತಿ ಮನೆಯಲ್ಲೂ ಬಾಗಿಲ ಹಿಂದೆ ಎರಡು ಮೊಳೆ. ಎರಡೂ ಬರಿದಾಗಿದ್ದರೆ ಮನೆಯವನು ಅಬ್ಬಿಯ ಮೇಲಿದ್ದಾನೆಂದು ಅರ್ಥ. ಮದುವೆಯಾದಂದಿನಿಂದ ನಾನು ಚಳಿಗಾಲದ ಹಗಲುಗಳನ್ನು ಆ ಮೊಳೆಗಳನ್ನು ನೋಡಿಯೇ ಕಳೆದಿದ್ದೆ.

ಗೈಡ್ ಒಬ್ಬ ತೀರಿಕೊಂಡರೆ ಅವನ ಎರಡೂ ಕೊಡಲಿಗಳನ್ನು ಅಬ್ಬಿಗೆ ಕೊಡುವುದು ಇಲ್ಲಿಯ ರೂಢಿ. ಕೊಡಲಿಯ ತಲೆಗೆ ಮನೆಯ ಬಟ್ಟೆ ಸುತ್ತಬೇಕು; ಸುತ್ತುವವಳು ಹೆಂಡತಿ ಅಥವಾ ತಾಯಿ. ಊರಿನ ಹಿರಿಯ ಗೈಡ್ ಅವನ್ನು ಮೇಲಕ್ಕೆ ಒಯ್ದು, ಬುಡದ ಮೊನೆಯಿಂದ ಮಂಜುಗಡ್ಡೆಗೆ ನೆಟ್ಟು ಬರುತ್ತಾನೆ. ಬಿಸಿಲು ಬಲಿತು ಅಬ್ಬಿ ಕರಗಿದಾಗ ನೀರು ಅವನ್ನು ಕೊಂಡೊಯ್ಯುತ್ತದೆ. ಯಾರೂ ಹುಡುಕಲು ಹೋಗುವುದಿಲ್ಲ.

ಕೇದಾರನ ಜೊತೆ ಕೆಳಗಿಳಿಸಿದ್ದ ಎರಡೂ ಕೊಡಲಿಗಳಿಗೆ ನಾನೇ ಬಟ್ಟೆ ಸುತ್ತಿ ಹಿರಿಯ ಗೈಡ್ ಲಿಂಗೋಜಿಯ ಕೈಗೆ ಕೊಟ್ಟಿದ್ದೆ. ಹಾಗಿದ್ದರೆ ಮೊಳೆಯ ಮೇಲಿರುವುದು ಯಾವುದು?

ಎದ್ದು ಹೋಗಿ ಇಳಿಸಿ ನೋಡಿದೆ. ಅದು ಕೇದಾರನದೇ, ಎಡಗೈಯದು. ಒಮ್ಮೆ ಒದ್ದೆಯಾಗಿದ್ದ ಅದನ್ನು ನಾನು ಒಲೆಯ ಪಕ್ಕ ಒಣಗಲಿಟ್ಟು ಹಿಡಿ ಸುಟ್ಟಿದ್ದ ಗುರುತು ಹಾಗೆಯೇ ಇತ್ತು. ಕೊಕ್ಕಿನ ನಡುವೆ ಕೂದಲೆಳೆಯಂಥ ಬಿರುಕು. ಮರೆತು ಒಯ್ಯಬಾರದೆಂದು ಅದರ ಮೇಲೆ ಒಂದು ದಾರ ಕಟ್ಟಿದ್ದ. ಅಂದರೆ ಅಬ್ಬಿಯಿಂದ ಬಿದ್ದ ಆ ಬೆಳಿಗ್ಗೆ ಅವನು ಯಾರದೋ ಕೊಡಲಿಯನ್ನು ಕಡ ತಂದಿದ್ದ. ಅದನ್ನೇ ನಾನು ಬಟ್ಟೆ ಸುತ್ತಿ ಅಬ್ಬಿಗೆ ಕಳಿಸಿದ್ದೆ.

ಕಡ ತಂದದ್ದನ್ನು ಹೊತ್ತು ಮುಳುಗುವುದರೊಳಗೆ ಹಿಂತಿರುಗಿಸದಿದ್ದರೆ ಕೇದಾರನಿಗೆ ಸಮಾಧಾನವಿರುತ್ತಿರಲಿಲ್ಲ. ಒಮ್ಮೆ ಹಿಮ ಸುರಿಯುತ್ತಿದ್ದ ಸಂಜೆ ಪಕ್ಕದ ಮನೆಯ ಜರಡಿಯನ್ನು ಕೊಟ್ಟುಬರಲು ಬೂಟು ಹಾಕಿಕೊಳ್ಳತೊಡಗಿದ್ದ.

"ಜರಡಿ ಏನು ಓಡಿಹೋಗುತ್ತಾ?" ಎಂದು ನಾನು ನಕ್ಕಿದ್ದೆ.

"ಓಡಿಹೋಗೂದಿಲ್ಲ. ಆದ್ರ ಅದು ನಮ್ಮನ್ಯಾಗ ಮಲಗಿದ್ರ ನನಗ ನಿದ್ದಿ ಬರೂದಿಲ್ಲ."

ಒಲೆಯ ಮೇಲೆ ಹಾಲು ಸೀದ ವಾಸನೆ ಬಂತು. ಸೂರಿನ ಅಂಚಿನಿಂದ ಒಂದು ಹನಿ ಬಿತ್ತು. ಎಷ್ಟೋ ದಿನಗಳ ನಂತರ ನನಗೆ ಏನೋ ಬೇಕು ಅನ್ನಿಸಿತು. ಅಬ್ಬಿ ಕರಗುವ ಮೊದಲು ಆ ಕೊಡಲಿ ಅದರ ಒಡೆಯರ ಕೈ ಸೇರಬೇಕು.

ಲಿಂಗೋಜಿ ತನ್ನ ಅಂಗಳದಲ್ಲಿ ಹಗ್ಗವನ್ನು ಬಿಸಿಲಿಗೆ ಹರಡಿ, ಮೊಳ ಮೊಳವಾಗಿ ಬೆರಳಾಡಿಸಿ ನೋಡುತ್ತಿದ್ದ. ಕೇದಾರನಿಗೆ ಕೊಡಲಿ ಹಿಡಿಯಲು ಕಲಿಸಿದವನು ಅವನೇ. ನನ್ನನ್ನು ಕಂಡು ಹಗ್ಗ ಬಿಟ್ಟು ಎದ್ದುನಿಂತ.

"ಬಾರವ್ವ. ಹೇಳಿ ಕಳಿಸಿದ್ರ ನಾನಾ ಬರ್ತಿದ್ದೆ."

"ಕಾಕಾ, ನೀವು ನೆಟ್ಟು ಬಂದ ಎರಡು ಕೊಡಲಿಗಳಲ್ಲಿ ಒಂದು ಅವನದಲ್ಲ."

ಅವನು ಆಶ್ಚರ್ಯಪಡಲಿಲ್ಲ. "ಗೊತ್ತು," ಎಂದ. "ನಿನಗೂ ಗೊತ್ತೈತಿ ಅಂದ್ಕೊಂಡಿದ್ದೆ. ಹಿಡಿಗೆ ಕೆಂಪು ನೂಲು ಸುತ್ತಿತ್ತಲ್ಲ. ದಾಕ್ಷೀದು ಅದು. ಆಕಿ ಕೈ ಸಣ್ಣದು, ಹಿಡಿ ಜಾರಬಾರದಂತ ಸುತ್ತಿಕೊಂಡಾಳ."

ದಾಕ್ಷಿ ಊರಿನ ಒಬ್ಬಳೇ ಹೆಣ್ಣು ಗೈಡ್. ಕೇದಾರ ಪಳಗಿಸುತ್ತಿದ್ದ ಹುಡುಗಿ. ಆ ದಿನ ಕೆಳಗೆ ನಿಂತು ಅವನ ಹಗ್ಗ ಹಿಡಿದಿದ್ದವಳು ಅವಳೇ.

"ಅವಳು ಕೇಳಲಿಲ್ಲವಾ ನಿಮ್ಮನ್ನ?"

"ನಾನಾ ಹೋಗಿ ಕೇಳಿದ್ನಿ, ನಿನ್ನದು ತೆಗೆದಿಡ್ಲೇನವ್ವ ಅಂತ. ಹೋಗ್ಲಿ ಬಿಡು ಕಾಕಾ, ನನಗ ಬ್ಯಾಡ ಅಂದ್ಲು. ಗುರುವಿಗೆ ಕೊಟ್ಲು ಅಂದ್ಕೊಂಡೆ." ಹಗ್ಗವನ್ನು ಮತ್ತೆ ಕೈಗೆತ್ತಿಕೊಂಡು ಹೇಳಿದ: "ಆಕಿ ಊರು ಬಿಟ್ಟು ಹೊಂಟಾಳಂತ. ದಾರಿ ತೆರೀತಿದ್ದಂಗ ಮೊದಲನೇ ಬಸ್ಸಿಗೆ. ಕೆಳಗ ಅವರ ಚಿಕ್ಕವ್ವನ ಬೇಕರಿ ಐತಿ."

ದಾಕ್ಷಿಯ ಮನೆಯ ಹೊಸಿಲಲ್ಲಿ ಅವಳ ತಾಯಿ ಸಾವಂತ್ರವ್ವ ಉಣ್ಣೆಯ ಕಾಲುಚೀಲ ಹೆಣೆಯುತ್ತಿದ್ದಳು. ನನ್ನನ್ನು ನೋಡಿದ್ದೇ ಸೂಜಿಗಳು ನಿಂತವು. ನಾನು ಜಗಳಕ್ಕೆ ಬಂದೆನೆಂದು ಅವಳು ಹೆದರಿದ್ದಳೆಂದು ಕಾಣುತ್ತದೆ.

"ಆಕಿ ಹಗ್ಗ ಬಿಟ್ಟಿಲ್ಲವ್ವಾ," ಎಂದಳು ಒಮ್ಮೆಲೇ. "ಊರ ಮಂದಿ ಏನರ ಅನ್ಲಿ. ಆಕಿ ಅಂಗೈ ನೋಡು ಬೇಕಾರ."

"ನನಗೆ ಗೊತ್ತು ಸಾವಂತ್ರವ್ವ. ಹಗ್ಗ ಅವನನ್ನ ಹಿಡಿದಿತ್ತು."

ಹೌದು, ಹಿಡಿದಿತ್ತು. ಆದರೆ ಅವನ ಜೊತೆಗೇ ಬಾಗಿಲಿನಷ್ಟು ದೊಡ್ಡ ಮಂಜುಗಡ್ಡೆ ಕಿತ್ತು ಬಂದಿತ್ತು. ಅದನ್ನು ಯಾವ ಹಗ್ಗ ಹಿಡಿಯುತ್ತದೆ?

ದಾಕ್ಷಿ ಒಳಗೆ ಟ್ರಂಕಿಗೆ ಬಟ್ಟೆ ತುಂಬುತ್ತಿದ್ದಳು. ಎರಡೂ ಅಂಗೈಗಳಿಗೆ ಪಟ್ಟಿ ಕಟ್ಟಿತ್ತು. ಬಾಗಿಲ ಹಿಂದೆ ಎರಡು ಮೊಳೆಗಳು. ಒಂದರಲ್ಲಿ ಕೆಂಪು ನೂಲಿನ ಹಿಡಿಯ ಕೊಡಲಿ, ಇನ್ನೊಂದು ಖಾಲಿ. ಅವಳು ನನ್ನ ಮುಖ ನೋಡಲಿಲ್ಲ.

"ನಿನ್ನ ಕೊಡಲಿ ವಾಪಸ್ ಕೊಡೋದಿದೆ," ಎಂದೆ.

"ನನಗ ಬ್ಯಾಡ ಅಕ್ಕಾರ."

"ನಿನಗೆ ಬೇಡದಿರಬಹುದು. ಅವನು ಕಡ ತಂದದ್ದು ಅದು."

ಅವಳ ಕೈಯಲ್ಲಿದ್ದ ರವಿಕೆ ಟ್ರಂಕಿನ ಅಂಚಿನಲ್ಲೇ ನಿಂತಿತು. ಗೋಡೆಗೆ ಹೇಳುವವಳಂತೆ ಹೇಳಿದಳು.

"ನೀವಾ ಅಲ್ಲೇನ್ರಿ ಬಟ್ಟಿ ಸುತ್ತಿದವರು? ಸುತ್ತೂವಾಗ... ಕೊಕ್ಕಿನ ಮೊನಿ ಇತ್ತೇನ್ರಿ?"

ನನಗೆ ಅವಳ ಪ್ರಶ್ನೆ ಅರ್ಥವಾಗಲಿಲ್ಲ. ಅವಳು ಬಿಡಿಸಿ ಹೇಳಿದಳು. ಚಳಿಗಾಲದ ಕೊನೆಗೆ ಮಂಜುಗಡ್ಡೆ ಮೆತ್ತಗಾಗುತ್ತದೆ. ಆಗ ಕೊಕ್ಕನ್ನು ಅರದಿಂದ ತೆಳ್ಳಗೆ ಉಜ್ಜಿದರೆ ಹೊಡೆದ ಒಂದೇ ಏಟಿಗೆ ಕಚ್ಚುತ್ತದೆ. ಸಣ್ಣ ಕೈಯವಳಿಗೆ ಅದು ಸುಲಭ. ದಾಕ್ಷಿ ತನ್ನ ಕೊಕ್ಕನ್ನು ಹಾಗೆ ಉಜ್ಜಿಟ್ಟಿದ್ದಳು. ಆದರೆ ಆ ಬೆಳಿಗ್ಗೆ ಚಳಿ ಮತ್ತೆ ತಿರುಗಿ ಬಂದು ಗಡ್ಡೆ ಕಲ್ಲಿನಂತಾಗಿತ್ತು. ಅಂಥ ಗಡ್ಡೆಯಲ್ಲಿ ತೆಳ್ಳನೆಯ ಕೊಕ್ಕು ಮುರಿಯಬಹುದು.

"ಸರ್ ಕೇಳಿದ್ರು, ನಾ ಕೊಟ್ಟೆ. ನೀ ಹೆಂಗಿದ್ರೂ ಕೆಳಗ ಇರ್ತಿ, ಮ್ಯಾಲಿಂದ ಹಗ್ಗಕ್ಕ ಕಟ್ಟಿ ಇಳಿಸ್ತೀನಿ ಅಂದ್ರು. ಉಜ್ಜೀನಿ ಅಂತ ಹೇಳಬೇಕಂದೆ. ಅಬ್ಬಿ ಹತ್ತಾಕ ಬಂದ ಮಂದಿ ಅವಸರ ಮಾಡಾಕ ಹತ್ತಿದ್ರು..." ಅವಳ ದನಿ ಸಣ್ಣದಾಯಿತು. "ಟಣ್ ಅಂತ ಸಪ್ಪಳ ಬಂತ್ರಿ ಅಕ್ಕಾರ. ಕಬ್ಬಿಣ ಮುರಿದಂಗ. ಆಮ್ಯಾಲೇ ಗಡ್ಡಿ ಕಿತ್ತಿದ್ದು. ಕೊಕ್ಕು ಮುರಿದು, ಅವರ ಮೈ ಜೋಲಿ ಹೊಡದು, ಆ ಜಗ್ಗಿಗೆ ಗಡ್ಡಿ ಬಂತು. ನಂದಾ ಕೊಕ್ಕು. ನೀವು ಸುತ್ತೀರಿ. ನೋಡಿರಬೇಕಲ್ಲ?"

ನೆನಪಿಸಿಕೊಳ್ಳಲು ಪ್ರಯತ್ನಿಸಿದೆ. ಒಂದು ಬಟ್ಟೆ ಇತ್ತು. ನನ್ನ ಕೈಗಳಿದ್ದವು. ಯಾರೋ "ಬಿಗಿಯಾಗಿ ಸುತ್ತು" ಎಂದಿದ್ದರು. ಅದರಾಚೆ ಏನೂ ಇರಲಿಲ್ಲ. ಆ ಕಬ್ಬಿಣದ ತಲೆಗಳು ನನ್ನ ಮಡಿಲಲ್ಲೇ ಇದ್ದವು. ಅವಕ್ಕೆ ಮೊನೆ ಇತ್ತೋ ಇಲ್ಲವೋ ನನಗೆ ಗೊತ್ತಿರಲಿಲ್ಲ.

"ನಾನು ನೋಡಲಿಲ್ಲ ದಾಕ್ಷಿ," ಎಂದೆ.

ಅವಳು ತಲೆಯಾಡಿಸಿ ರವಿಕೆಯನ್ನು ಮಡಿಸಿ ಒಳಗಿಟ್ಟಳು. ನಾನು ಅವಳನ್ನು ಕಾಪಾಡಲು ಸುಳ್ಳು ಹೇಳುತ್ತಿದ್ದೇನೆಂದು ಅವಳು ನಂಬಿದ್ದಳು.

"ಮಂದಿ ನೆಟ್ಟದ್ದನ್ನ ಕಿತ್ತು ತರೂದು ಯಾವ ಕಾಲಕ್ಕೂ ಇಲ್ಲ," ಎಂದ ಲಿಂಗೋಜಿ. ನಾನು ಮತ್ತೆ ಅವನ ಅಂಗಳದಲ್ಲಿದ್ದೆ. "ಅಬ್ಬಿಗೆ ಕೊಟ್ಟದ್ದು ಅಬ್ಬೀದು."

"ಅವನದಾಗಿದ್ದರೆ ಕೊಡಬಹುದಿತ್ತು. ಕಡ ತಂದದ್ದನ್ನ ಕೊಡೋಕೆ ನಾನು ಯಾರು?"

ಅವನು ಗಡ್ಡ ಕೆರೆದುಕೊಂಡ. ಒಳಗಿನಿಂದ ಅವನ ಹೆಂಡತಿ ನೀಲವ್ವನ ದನಿ ಬಂತು: "ಹೌದಲ್ಲ ಮತ್ತ! ನಿಮ್ಮ ಕೊಡಲಿ ಯಾರರ ಹಿಂಗ ದಾನ ಮಾಡಿದ್ರ ಊರೆಲ್ಲಾ ಒದರ್ಯಾಡ್ತಿದ್ರಿ!"

"ನೀ ಸುಮ್ನಿರು," ಎಂದು ಅವಳಿಗೆ ಹೇಳಿ ನನ್ನತ್ತ ತಿರುಗಿದ. "ನಾ ಹೋಗಿ ತರ್ತೀನಿ, ತಡಿ."

"ಸುತ್ತಿದವಳು ನಾನು. ಬಿಚ್ಚಿ ನೋಡಬೇಕಾದವಳೂ ನಾನೇ. ಅವಳಿಗೆ ನಾನು ಕಣ್ಣಾರೆ ನೋಡಿ ಹೇಳಬೇಕು. ಕಾಕಾ, ನನ್ನನ್ನ ಹತ್ತಿಸಿ."

ಎಷ್ಟು ವರ್ಷ ಈ ಊರಿನಲ್ಲಿದ್ದರೂ ನಾನು ಒಮ್ಮೆಯೂ ಅಬ್ಬಿಗೆ ಕೈ ಹಚ್ಚಿದವಳಲ್ಲ. ಕೇದಾರ ಕರೆದು ಕರೆದು ಸೋತಿದ್ದ. ಲಿಂಗೋಜಿ ಆಕಾಶ ನೋಡಿದ, ಸೂರಿನ ಹನಿಯನ್ನು ನೋಡಿದ. "ನಾಳೆ ಬೆಳಗಿನ್ಯಾಗ ಚಳಿ ಇರ್ತೈತಿ. ಅದರ ನಂತರ ನಾ ಮಾತು ಕೊಡಾಕ ಆಗೂದಿಲ್ಲ," ಎಂದ.

ಬೆಳಕು ಹರಿಯುತ್ತಿದ್ದಂತೆ ಅಬ್ಬಿಯ ಬುಡದಲ್ಲಿ ನಿಂತೆವು. ದೂರದಿಂದ ಬಿಳಿಯಾಗಿ ಕಾಣುವ ಅದು ಹತ್ತಿರದಿಂದ ನೀಲಿಯಾಗಿತ್ತು. ಬಲಗಡೆ ಗಡ್ಡೆ ಕಿತ್ತುಬಿದ್ದ ಜಾಗದಲ್ಲಿ ಕಪ್ಪು ಬಂಡೆ ಬತ್ತಲಾಗಿತ್ತು. ಲಿಂಗೋಜಿ ನನ್ನನ್ನು ಅದಕ್ಕೆ ಬೆನ್ನು ಮಾಡಿ ನಿಲ್ಲಿಸಿ, ಎಡಗಡೆಯ ನೆರಳಿನ ಕೊರಕಲಿಗೆ ಕರೆದೊಯ್ದ. ಅವನ ಸೊಸೆಯ ಬೂಟು ನನ್ನ ಕಾಲಿಗೆ ದೊಡ್ಡದಾಗಿತ್ತು. ಬೂಟಿನಡಿಗೆ ಉಕ್ಕಿನ ಮುಳ್ಳುಗಳನ್ನು ಅವನೇ ಕಟ್ಟಿ, ತನ್ನ ಮನೆಯ ಎರಡು ಹಳೆಯ ಕೊಡಲಿಗಳನ್ನು ನನ್ನ ಕೈಗೆ ಕೊಟ್ಟ. ನನ್ನ ಬೆನ್ನಚೀಲದಲ್ಲಿ ಕೇದಾರನ ಬಿರುಕುಬಿಟ್ಟ ಕೊಡಲಿ ಇತ್ತು.

ಮೊದಲು ಅವನು ಹತ್ತಿದ. ಕೊಡಲಿಯ ಸದ್ದು, ಕಾಲಿನ ಸದ್ದು, ಮತ್ತೆ ಕೊಡಲಿಯ ಸದ್ದು. ಆಗಾಗ ನಿಂತು ಟೊಳ್ಳು ತಿರುಪುಮೊಳೆಯೊಂದನ್ನು ಗಡ್ಡೆಯೊಳಗೆ ತಿರುವಿ ಹಗ್ಗ ಸಿಕ್ಕಿಸುತ್ತಿದ್ದ. ತಿರುವಿದಾಗ ಅದರ ಬಾಯಿಂದ ಸೀಮೆಸುಣ್ಣದಂಥ ಮಂಜಿನ ಕಡ್ಡಿ ಹೊರಬಂದು ನನ್ನ ಪಕ್ಕ ಬೀಳುತ್ತಿತ್ತು. ಹಲಗೆಯಂತೆ ಹೊರಚಾಚಿದ ಮೇಲಿನ ಬಂಡೆ ತಲುಪಿ, ಹಗ್ಗ ಬಿಗಿ ಮಾಡಿ ಕೂಗಿದ: "ಹೂಂ, ಬಾ!"

ನಾನು ಕೊಡಲಿ ಬೀಸಿದೆ. ಅದು ಗಡ್ಡೆಗೆ ತಾಗಿ ಪುಟಿದು ಬಂತು.

"ಪುಸ್ತಕ ಹಿಡದಂಗ ಹಿಡೀಬ್ಯಾಡ! ಸೌಟು ಹಿಡದಂಗ ಹಿಡಿ!"

"ನಾನು ಸೌಟೂ ಸರಿಯಾಗಿ ಹಿಡಿಯಲ್ಲ ಅಂತಿದ್ದ ಅವನು!"

ಮೇಲಿನಿಂದ ಹಗ್ಗ ಇನ್ನಷ್ಟು ಬಿಗಿಯಾಯಿತು. ಆಮೇಲೆ, "ನಿನ್ನ ಸಾರು ಉಂಡೀನಿ, ಖರೇನಾ ಹೇಳ್ಯಾನ," ಎಂಬ ದನಿ ಬಂತು. ನಾನು ನಕ್ಕೆ. ನಗು ಬಂದದ್ದಕ್ಕೆ ನನಗೇ ಗಾಬರಿಯಾಗಿ ಹಣೆಯನ್ನು ಗಡ್ಡೆಗೆ ಆನಿಸಿ ನಿಂತೆ. ಅದು ತಣ್ಣಗೆ, ಗಟ್ಟಿಯಾಗಿ, ಯಾರ ಬಗ್ಗೆಯೂ ಏನೂ ತಿಳಿಯದೆ ಇತ್ತು.

"ಹಿಮ್ಮಡಿ ಕೆಳಗ ಬಿಡವ್ವ. ತೋಳಿನ ಮ್ಯಾಲ ಜೋತು ಬೀಳಬ್ಯಾಡ, ಕಾಲ ಮ್ಯಾಲ ನಿಲ್ಲು. ನಾ ಹಿಡದೀನಿ."

ನಿಂತೆ. ಬೀಸಿದೆ. ಈ ಸಲ ಕೊಕ್ಕು ಕಚ್ಚಿತು. ಕಚ್ಚಿದ್ದು ಹಿಡಿಯ ಮೂಲಕ ಮೊಣಕೈವರೆಗೆ ತಿಳಿಯಿತು. ಕೇದಾರ ಸಂಜೆ ಮನೆಗೆ ಬಂದು ವರ್ಣಿಸಲು ಹೊರಟು, ಮಾತು ಸಿಗದೆ ಬಿಟ್ಟುಬಿಡುತ್ತಿದ್ದದ್ದು ಇದೇ ಇರಬೇಕು. ಆಗ ನಾನು ಉತ್ತರಪತ್ರಿಕೆ ತಿದ್ದುತ್ತಾ "ಹ್ಞೂಂ" ಎನ್ನುತ್ತಿದ್ದೆ.

ಅರ್ಧ ದಾರಿಯಲ್ಲಿರುವಾಗ ಅದು ಕೇಳಿಸಿತು. ಟಣ್. ಲೋಹ ಮುರಿದ ಹಾಗೆ, ಸ್ಪಷ್ಟವಾಗಿ. ನಾನು ಕಿರುಚಿದೆ. ನನ್ನ ಎರಡು ಕೊಡಲಿಗಳನ್ನೂ ನೋಡಿದೆ, ಎರಡೂ ಸರಿಯಾಗಿದ್ದವು.

"ಅಂಜಬ್ಯಾಡ! ಗಡ್ಡಿ ಅದು. ಚಳಿಗೆ ಒಳಗ ಬಿರಿತೈತಿ. ಇಲ್ಲೇನಿಲ್ಲ, ಎಲ್ಲೋ ಆಚಿ ಕಡೆ."

"ಕಬ್ಬಿಣ ಮುರಿದ ಹಾಗೆ ಕೇಳಿಸಿತು ಕಾಕಾ!"

"ಹಂಗಾ ಕೇಳಿಸ್ತೈತಿ. ಹೊಸಬರು ಎಲ್ಲಾರೂ ಕೊಡಲಿ ನೋಡ್ಕೋತಾರ."

ಹಲಗೆಯನ್ನು ತಲುಪಿದಾಗ ನನ್ನ ಕೈಗಳು ನನ್ನವಾಗಿರಲಿಲ್ಲ. ಲಿಂಗೋಜಿ ನನ್ನನ್ನು ತಿರುಪುಮೊಳೆಗಳಿಗೆ ಕಟ್ಟಿಹಾಕಿ, ಗಡ್ಡೆಯ ಗೋಡೆಯತ್ತ ಕೈ ತೋರಿ, ತಾನು ಮುಖ ತಿರುಗಿಸಿ ಕೂತ.

ಅಲ್ಲಿ ಎರಡು ಹಿಡಿಗಳು ಅಕ್ಕಪಕ್ಕ ಗಡ್ಡೆಯಿಂದ ಹೊರಚಾಚಿದ್ದವು. ತುದಿಯಲ್ಲಿ ಸಣ್ಣ ನೀಲಿ ಹೂಗಳ ಬಟ್ಟೆ. ಅದು ನಮ್ಮ ದಿಂಬಿನ ಚೀಲ. ಎರಡು ಭಾಗ ಮಾಡಿ ಹರಿದಿದ್ದೆನೆಂದು ಆಗಲೇ ನನಗೆ ಗೊತ್ತಾದದ್ದು. ಯಾವ ದಿಂಬು ಬರಿದಾಗಿದೆಯೆಂದು ಮನೆಗೆ ಹೋಗಿ ನೋಡಬೇಕಿತ್ತು.

ಕೆಂಪು ನೂಲಿನ ಹಿಡಿಯನ್ನು ಲಿಂಗೋಜಿ ಅಲುಗಾಡಿಸಿ ಕಿತ್ತು ನನ್ನ ಮಡಿಲಲ್ಲಿಟ್ಟ. "ಬಟ್ಟಿ ನಾ ಮುಟ್ಟೂದಿಲ್ಲ," ಎಂದ.

ಗಂಟು ಹೆಪ್ಪುಗಟ್ಟಿತ್ತು. ಕೈಗವಸು ತೆಗೆದು, ಅದರ ಮೇಲೆ ಬಾಯಿಟ್ಟು ಉಸಿರು ಬಿಟ್ಟೆ. ಮುರಿದಿದ್ದರೆ ಏನು ಮಾಡುವುದೆಂದು ಯೋಚಿಸಿರಲಿಲ್ಲ. ಮುರಿದದ್ದನ್ನು ಆ ಹುಡುಗಿಯ ಕೈಗೆ ಕೊಡುವುದೇ? ಆದರೂ, ಗಂಟು ಮೆತ್ತಗಾಗುತ್ತಿದ್ದಂತೆ, ಮುರಿದಿರಲಿ ಎಂದು ನನ್ನೊಳಗೆ ಏನೋ ಆಸೆಪಟ್ಟಿತು. ಮುರಿದಿದ್ದರೆ ಒಂದು ಕಾರಣವಿರುತ್ತಿತ್ತು. ಒಂದು ಅರ, ಒಂದು ಅವಸರದ ಬೆಳಿಗ್ಗೆ, ಒಂದು ಹೆಸರು. ಬೆಳಗಾದರೆ ಕೋಪಿಸಿಕೊಳ್ಳಲು ಒಬ್ಬಳು ಇರುತ್ತಿದ್ದಳು.

ಬಟ್ಟೆ ಬಿಚ್ಚಿಕೊಂಡಿತು. ಕೊಕ್ಕು ಇಡಿಯಾಗಿತ್ತು. ಮೊನೆಯವರೆಗೂ ತೆಳ್ಳಗೆ, ಹೊಳೆಯುತ್ತ, ಎಲ್ಲಿಯೂ ಬಿರುಕಿಲ್ಲದೆ ಇತ್ತು. ಅದರ ಹಲ್ಲುಗಳ ಸಂದಿಯಲ್ಲಿ ಮಂಜುಗಡ್ಡೆಯ ಚೂರುಗಳು ಇನ್ನೂ ಸಿಕ್ಕಿಕೊಂಡಿದ್ದವು.

ಲಿಂಗೋಜಿ ಬಗ್ಗಿ ನೋಡಿದ. "ಇದು ಬಿಟ್ಟಿಲ್ಲವ್ವ," ಎಂದ ಮೆಲ್ಲಗೆ. "ಕಚ್ಚಿದ ಗಡ್ಡೀನ್ನ ಕಚ್ಚಿಕೊಂಡಾ ಕೆಳಗ ಬಂದೈತಿ."

ಆಗ ಅತ್ತೆ. ಅಂತ್ಯಕ್ರಿಯೆಯಲ್ಲಿ ಅಳದವಳು ಆ ಹಲಗೆಯ ಮೇಲೆ, ಹಗ್ಗಕ್ಕೆ ಕಟ್ಟಿಹಾಕಿದ ಕರುವಿನಂತೆ ಕೂತು ಅತ್ತೆ. ಲಿಂಗೋಜಿ ಹಗ್ಗದ ಸುರುಳಿಯನ್ನು ಬಿಚ್ಚಿ ಮತ್ತೆ ಸುತ್ತುತ್ತಾ ಕೂತಿದ್ದ. ಬಿಸಿಲು ಎದುರಿನ ಶಿಖರಕ್ಕೆ ತಾಗಿದಾಗ, "ಇಳೀಬೇಕು," ಎಂದ.

ಬೆನ್ನಚೀಲದಿಂದ ಕೇದಾರನ ಕೊಡಲಿ ತೆಗೆದೆ. ಅದರ ತಲೆಗೆ ಅದೇ ಬಟ್ಟೆ ಸುತ್ತಿದೆ. ಈ ಸಲ ನೋಡುತ್ತಾ ಸುತ್ತಿದೆ: ಬಿರುಕು, ಅದರ ಮೇಲಿನ ದಾರ, ನಾನು ಸುಟ್ಟ ಗುರುತು. ಲಿಂಗೋಜಿ ಅದನ್ನು ಅದರ ಜೋಡಿಯ ಪಕ್ಕ ನೆಟ್ಟ.

ನಾನು ದಾಕ್ಷಿಯ ಮನೆ ತಲುಪಿದಾಗ ಹೊತ್ತು ಇಳಿಯುತ್ತಿತ್ತು. ದಾರಿ ತೆರೆದಿದೆ, ಬೆಳಿಗ್ಗೆ ಬಸ್ಸು ಹೊರಡುತ್ತದೆಂದು ಪೇಟೆಯಲ್ಲಿ ಜನ ಮಾತಾಡಿಕೊಳ್ಳುತ್ತಿದ್ದರು. ಟ್ರಂಕು ಹಗ್ಗ ಬಿಗಿಸಿಕೊಂಡು ಹೊಸಿಲ ಬಳಿ ಕೂತಿತ್ತು. ಒಲೆಯ ಮುಂದೆ ಸಾವಂತ್ರವ್ವ ದಾರಿಯ ಬುತ್ತಿಗೆ ರೊಟ್ಟಿ ಬಡಿಯುತ್ತಿದ್ದಳು. ನನ್ನ ಕೈಯಲ್ಲಿದ್ದುದನ್ನು ಕಂಡು ಬಡಿಯುವುದನ್ನು ನಿಲ್ಲಿಸಿದಳು.

ಇಲ್ಲಿಯ ಗೈಡ್‌ಗಳು ಹಿಂತಿರುಗಿಸುವ ಹಾಗೆ, ಹಿಡಿಯನ್ನು ಮುಂದಾಗಿಸಿ ದಾಕ್ಷಿಗೆ ಚಾಚಿದೆ. ಅವಳು ಕೈ ಚಾಚಲಿಲ್ಲ. ಅವಳ ಕಣ್ಣು ಹಿಡಿಯ ಮೇಲೆ ಇರಲೇ ಇಲ್ಲ. ನನ್ನ ಬೆರಳುಗಳ ನಡುವಿನ ಕೊಕ್ಕಿನ ಮೇಲಿತ್ತು. ಹತ್ತಿರ ಬಂದಳು. ಪಟ್ಟಿ ಕಟ್ಟಿದ ಕೈಯ ಹೆಬ್ಬೆರಳಿನಿಂದ ಬುಡದಿಂದ ಮೊನೆಯವರೆಗೆ ಸವರಿದಳು. ಮತ್ತೊಮ್ಮೆ ಸವರಿದಳು.

"ಯಾರು ತಂದ್ರು ಅಕ್ಕಾರ?"

"ನಾನೇ. ಲಿಂಗೋಜಿ ಕಾಕಾ ಬಟ್ಟೆಗಂಟು ಎಳೆದುಕೊಂಡ ಹಾಗೆ ನನ್ನನ್ನ ಮೇಲಕ್ಕೆ ಎಳೆದುಕೊಂಡರು. ಬಿಚ್ಚಿದ್ದು, ನೋಡಿದ್ದು ನಾನು." ಆಮೇಲೆ ಹೇಳಿದೆ: "ಆ ಸದ್ದು ನನಗೂ ಕೇಳಿಸಿತು ದಾಕ್ಷಿ. ನನ್ನ ಕೊಡಲಿಗಳು ಕೈಯಲ್ಲೇ ಇಡಿಯಾಗಿದ್ದವು. ಅದು ಗಡ್ಡೆಯದು."

ಅವಳ ಹೆಬ್ಬೆರಳು ಇನ್ನೂ ಮೊನೆಯ ಮೇಲೆಯೇ ಇತ್ತು.

"ಅವನಾಗಿದ್ದರೆ ಅವತ್ತೇ ಹೊತ್ತು ಮುಳುಗೋದರೊಳಗೆ ತಂದು ಕೊಡ್ತಿದ್ದ," ಎಂದೆ. "ತಡವಾಯಿತು."

ದಾಕ್ಷಿ ಹಿಡಿಯನ್ನು ತೆಗೆದುಕೊಂಡಳು. ಬೆರಳುಗಳು ಕೆಂಪು ನೂಲಿನ ಮೇಲೆ ತಮ್ಮ ಜಾಗ ಹುಡುಕಿಕೊಂಡವು. ಟ್ರಂಕನ್ನು ದಾಟಿ ಒಳಗೆ ಹೋದಳು. ನಾನು ಕಾಯಲಿಲ್ಲ. ಅಂಗಳ ದಾಟುತ್ತಿದ್ದಾಗ ಸೂರಿನ ಹನಿಗಳ ನಡುವೆ ಹಿಂದಿನಿಂದ ಸದ್ದು ಕೇಳಿಸಿತು. ಮರದ ಹಿಡಿ ಗೋಡೆಗೆ ಒಮ್ಮೆ ಬಡಿಯಿತು, ಇನ್ನೊಮ್ಮೆ ಮೆಲ್ಲಗೆ ಬಡಿಯಿತು, ಸುಮ್ಮನಾಯಿತು.